ಕೋಲಿನ ತುದಿಗೆ ಸಿಕ್ಕ ಊರು

2006ರ ಬೇಸಿಗೆ. ರಾಯಚೂರಿನ ಒಂದು ಸಭಾಂಗಣದಲ್ಲಿ ಸಾಧನ ಸಲಕರಣೆ ವಿತರಣೆಯ ಶಿಬಿರ. ಬೆಳಿಗ್ಗೆ ಒಂಬತ್ತಕ್ಕೇ ಬನ್ನಿ ಅಂದಿದ್ದರು. ಮಾನ್ವಿಯಿಂದ ಮೊದಲ ಬಸ್ಸು ಹಿಡಿದು ಬಂದು ಕೂತಿದ್ದೆ. ಪಂಖಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ಮಧ್ಯಾಹ್ನ ಎರಡರ ಸುಮಾರಿಗೆ ನನ್ನ ಹೆಸರು ಕೂಗಿದರು. ಯಾರೋ ರಟ್ಟೆ ಹಿಡಿದು ವೇದಿಕೆ ಹತ್ತಿಸಿದರು, ಪ್ಲಾಸ್ಟಿಕ್ ಚೀಲವೊಂದನ್ನು ಕೈಗಿತ್ತರು, ‘ಈ ಕಡೆ ಮುಖ ಮಾಡ್ರಿ’ ಅಂದರು. ಕ್ಯಾಮೆರಾದ ಸದ್ದು ಕೇಳಿಸಿತು. ಅದೇ ಕೈ ನನ್ನನ್ನು ಕೆಳಗಿಳಿಸಿತು.

ವಾಪಸು ಬರುವ ಬಸ್ಸಿನಲ್ಲಿ ಚೀಲ ಬಿಚ್ಚಿದೆ. ನಾಲ್ಕು ಮಡಿಕೆಯ ಬಿಳಿ ಕೋಲು. ಒಳಗೆ ಎಲಾಸ್ಟಿಕ್ ದಾರ, ಒಂದು ತುದಿಗೆ ರಬ್ಬರಿನ ಹಿಡಿಕೆ, ಇನ್ನೊಂದು ತುದಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಮೊನೆ. ಕಟ್ಟು ಬಿಚ್ಚುತ್ತಲೇ ಅದು ಟಕಟಕನೆ ತಾನೇ ಕೂಡಿಕೊಂಡು ಉದ್ದವಾಗಿ ಮುಂದಿನ ಸೀಟಿಗೆ ಬಡಿಯಿತು. ಗಾಬರಿಯಾಗಿ ಮಡಚಿಟ್ಟೆ. ಮನೆಯಲ್ಲಿ ಅವ್ವ ಅದನ್ನು ಪಡಸಾಲೆಯ ಮೊಳೆಗೆ ತೂಗುಹಾಕಿದಳು. ಮೂರು ವರ್ಷ ಅದು ಅಲ್ಲಿಂದ ಅಲುಗಲಿಲ್ಲ. ಅದನ್ನು ಹಿಡಿದು ನಡೆಯುವುದು ಹೇಗೆಂದು ಆ ದಿನ ಯಾರೂ ಹೇಳಿಕೊಟ್ಟಿರಲಿಲ್ಲ. ಕೇಳಬೇಕೆಂದು ನನಗೂ ತಿಳಿದಿರಲಿಲ್ಲ.

ಆಮೇಲಿನ ಹದಿನೆಂಟು ವರ್ಷಗಳಲ್ಲಿ ಕಣ್ಣಿಲ್ಲದವರಿಗೆಂದು ಮಾಡಿದ ಎಷ್ಟೋ ವಸ್ತುಗಳು ನನ್ನ ಕೈ ಹಾಯ್ದು ಹೋಗಿವೆ. ಕೆಲವು ನನ್ನ ಬದುಕನ್ನೇ ತಿರುಗಿಸಿದವು, ಕೆಲವು ಮೊಳೆಗೆ ತೂಗಿದವು. ಎರಡರ ನಡುವಿನ ವ್ಯತ್ಯಾಸ ಎಲ್ಲಿತ್ತು ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

*

ನಾನು ಹುಟ್ಟಿದ್ದು ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಎರೆ ಹೊಲ, ಜೋಳ, ಹತ್ತಿ. ಅಪ್ಪ ಅವ್ವನಿಗೆ ಸೋದರಮಾವನೇ ಆಗಬೇಕು. ಹೊಲ ಮನೆ ಒಡೆಯಬಾರದು, ಹೆಣ್ಣುಮಗಳು ಕಣ್ಣ ಮುಂದೆಯೇ ಇರಬೇಕು ಎಂದು ನಮ್ಮ ಕಡೆ ಹಾಗೆ ಮದುವೆ ಮಾಡುತ್ತಾರೆ. ನನಗೆ ಏಳೆಂಟು ವರ್ಷವಾದಾಗ, ಹೊತ್ತು ಮುಳುಗಿದ ಮೇಲೆ ಬಯಲಾಟ ನೋಡಲು ಹೊರಟರೆ ಮಂದಿಯ ಕಾಲು ತುಳಿಯುತ್ತಿದ್ದೆ. ಓರಗೆಯ ಹುಡುಗರು ಬೆಳದಿಂಗಳಲ್ಲಿ ಓಡುತ್ತಿದ್ದರೆ ನಾನು ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಅವ್ವ ನುಗ್ಗೆಸೊಪ್ಪು ತಿನ್ನಿಸಿದಳು, ಗಜ್ಜರಿ ತಿನ್ನಿಸಿದಳು, ಮೀನೆಣ್ಣೆಯ ಗುಳಿಗೆ ನುಂಗಿಸಿದಳು. ಯಾವುದರಿಂದಲೂ ಇರುಳು ತಿಳಿಯಾಗಲಿಲ್ಲ.

1993ರಲ್ಲಿ ಹೈದರಾಬಾದಿನ ದೊಡ್ಡ ಕಣ್ಣಿನ ದವಾಖಾನೆಯಲ್ಲಿ ಡಾಕ್ಟರರು ಹೆಸರು ಹೇಳಿದರು: ರೆಟಿನೈಟಿಸ್ ಪಿಗ್ಮೆಂಟೋಸಾ. ಅಕ್ಷಿಪಟಲದಲ್ಲಿ ಮಬ್ಬು ಬೆಳಕಿಗಾಗಿಯೇ ಇರುವ ಕಂಬಿಯಾಕಾರದ ಕೋಶಗಳು ಒಂದೊಂದೇ ಸಾಯುತ್ತ ಹೋಗುತ್ತವೆ. ಮೊದಲು ರಾತ್ರಿಯ ನೋಟ ಹೋಗುತ್ತದೆ. ಆಮೇಲೆ ಎಡಬಲದ ನೋಟ ಕುಗ್ಗುತ್ತ ಬಂದು, ಕೊನೆಗೆ ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನ ಒಂದು ಕಿಂಡಿ ಉಳಿಯುತ್ತದೆ. ರಕ್ತಸಂಬಂಧದ ಮದುವೆಗಳಲ್ಲಿ ಇದರ ಅಪಾಯ ಹೆಚ್ಚು, ಯಾಕೆಂದರೆ ತಂದೆತಾಯಿ ಇಬ್ಬರೂ ಒಂದೇ ದೋಷದ ವಂಶವಾಹಿಯನ್ನು ತಮಗರಿವಿಲ್ಲದೆ ಹೊತ್ತಿರಬಹುದು. ಅಪ್ಪ ಊರಿಗೆ ಬರುವವರೆಗೆ ಒಂದು ಮಾತೂ ಆಡಲಿಲ್ಲ.

ಸುದ್ದಿ ಕೇಳಿದ ಬೀಗರು ಬಿಜ್ಜರೆಲ್ಲ ಹೇಳಿದ್ದು ಒಂದೇ ಮಾತು. ‘ಗದಗಿಗೆ ಬಿಟ್ಟು ಬರ್ರಿ, ಪುಟ್ಟಯ್ಯಜ್ಜನ ಹತ್ರ. ಹಾರ್ಮೋನಿಯಂ ಕಲೀತಾನ.’ ಅದು ಹಗುರ ಮಾತಾಗಿರಲಿಲ್ಲ. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ಅದನ್ನು 2010ರವರೆಗೆ ನಡೆಸಿದರು. ಉತ್ತರ ಕರ್ನಾಟಕದಲ್ಲಿ ಕುರುಡು ಮಗುವಿಗೂ ಒಂದು ಬಾಳುವೆ ಉಂಟು ಎಂದು ಜನ ನಂಬಿದ್ದು ಅವರಿಬ್ಬರನ್ನು ಕಂಡೇ. ಆದರೆ ನನಗೆ ಕೊರಳೂ ಇರಲಿಲ್ಲ, ತಾಳವೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಪುಸ್ತಕ. ಉಳಿದ ಕಿಂಡಿಯಲ್ಲಿ ಓದಿಯೇ ರಾಯಚೂರಿನಲ್ಲಿ ಬಿ.ಎ. ಮುಗಿಸಿದೆ, ಬಿ.ಎಡ್. ಮುಗಿಸಿದೆ. 2001ರಲ್ಲಿ ಮಾನ್ವಿ ತಾಲ್ಲೂಕಿನ ಹೈಸ್ಕೂಲೊಂದಕ್ಕೆ ಕನ್ನಡ ಮಾಸ್ತರನಾಗಿ ಸೇರಿದೆ. ಹಳ್ಳಿಯ ಮನೆಗೆ ಬೀಗ ಹಾಕಿ ಅವ್ವನನ್ನು ಮಾನ್ವಿಗೆ ಕರೆದುಕೊಂಡು ಬಂದೆ.

ಕೆಲಸ ಸಿಕ್ಕ ಸಂತೋಷಕ್ಕೆ ನೆಂಟರೊಬ್ಬರು ಅಂಗೈ ಅಗಲದ ಭೂತಗನ್ನಡಿ ತಂದುಕೊಟ್ಟರು. ನಾನು ಪಡೆದ ಮೊದಲ ಸಾಧನ ಅದು. ಕಣ್ಣು ಮಂದವಾದವರಿಗೆಲ್ಲ ಅದು ಆಗಿಬರುತ್ತದೆಂದು ಅವರು ತಿಳಿದಿದ್ದರು, ನಾನೂ ತಿಳಿದಿದ್ದೆ. ಪುಟದ ಮೇಲೆ ಇಟ್ಟರೆ ಒಂದು ಅಕ್ಷರ ಬೆಟ್ಟದಷ್ಟು ಕಾಣುತ್ತಿತ್ತು, ಪಕ್ಕದ ಅಕ್ಷರ ಮಾಯವಾಗುತ್ತಿತ್ತು. ನನ್ನ ತೊಂದರೆ ಅಕ್ಷರ ಸಣ್ಣದಾಗಿರುವುದಲ್ಲ, ಕಿಂಡಿ ಸಣ್ಣದಾಗಿರುವುದು. ಕಿಂಡಿ ಸಣ್ಣದಿದ್ದಾಗ ಅಕ್ಷರ ದೊಡ್ಡದು ಮಾಡಿದಷ್ಟೂ ಕಾಣುವುದು ಕಡಿಮೆಯಾಗುತ್ತದೆ. ಈ ಸರಳ ಸಂಗತಿಯನ್ನು ನನಗೆ ತಿಳಿಸಿದ್ದು ಹೈದರಾಬಾದಿನ ಅದೇ ದವಾಖಾನೆಯ ಒಬ್ಬ ಹೆಣ್ಣುಮಗಳು. ಒಂದು ತಾಸು ನನ್ನ ಎದುರಿಗೆ ಕೂತು, ನಾನು ಓದುವುದನ್ನು ನೋಡಿ, ಅಂಗಿ ಡಬ್ಬಿಯ ರಟ್ಟನ್ನು ತೆಗೆದುಕೊಂಡು ಕಪ್ಪು ಬಣ್ಣ ಬಳಿದು, ಒಂದೇ ಸಾಲು ಕಾಣುವಷ್ಟು ಸೀಳು ಕತ್ತರಿಸಿ ಪುಟದ ಮೇಲಿಟ್ಟಳು. ಬಿಳಿ ಕಾಗದದ ಝಳ ನಿಂತಿತು. ಸಾಲು ತಪ್ಪುವುದು ನಿಂತಿತು. ಆ ರಟ್ಟಿನಿಂದ ಮುಂದೆ ಐದಾರು ವರ್ಷ ಓದಿದೆ, ಮಕ್ಕಳ ಉತ್ತರ ಪತ್ರಿಕೆ ತಿದ್ದಿದೆ. ಅದಕ್ಕೆ ತಗುಲಿದ ಖರ್ಚು ಅವಳ ಒಂದು ತಾಸು.

*

2009ರ ಹೊತ್ತಿಗೆ ಆ ಸೀಳಿನಲ್ಲೂ ಸಾಲು ಕಾಣದಾಯಿತು. ತರಗತಿಯಲ್ಲಿ ಮಕ್ಕಳು ಪಾಠ ಓದುತ್ತಿದ್ದರು, ನಾನು ಅರ್ಥ ಹೇಳುತ್ತಿದ್ದೆ. ಶಾಲೆಗೆ ಹೋಗಿ ಬರಲು ಇನ್ನೊಬ್ಬರ ಭುಜ ಬೇಕಾಯಿತು. ಆ ವರ್ಷ ದಸರೆಯ ಮಗ್ಗುಲಿಗೆ ಕಲಬುರಗಿಯಿಂದ ಒಬ್ಬ ಮಾಸ್ತರರು ನಮ್ಮ ಮನೆಗೆ ಬಂದರು. ಅಲ್ಲಿಯ ಸರ್ಕಾರಿ ಅಂಧ ಬಾಲಕರ ಶಾಲೆಯಲ್ಲಿ ಕಲಿತವರು, ಹುಟ್ಟು ಅಂಧರು, ಕೋಲು ಹಿಡಿದು ನಡೆಯುವುದನ್ನು ಕಲಿಸುವುದೇ ಅವರ ಕೆಲಸ. ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ಒಬ್ಬರೇ ಕೇಳಿಕೊಂಡು ಬಂದಿದ್ದರು. ಬಾಗಿಲಲ್ಲಿ ನಿಂತು ‘ಮಾಸ್ತರ್ರು ಮನ್ಯಾಗ ಅದಾರೇನ್ರಿ?’ ಅಂದಾಗ ಅವ್ವ ಅವರ ಹಿಂದೆ ಯಾರಿದ್ದಾರೆಂದು ಹುಡುಕಿದಳು. ಯಾರೂ ಇರಲಿಲ್ಲ.

ಮೊಳೆಯಲ್ಲಿದ್ದ ಕೋಲನ್ನು ಅವರ ಕೈಗೆ ಕೊಟ್ಟೆ. ನನ್ನ ಎದೆಗೆ ಆನಿಸಿ ಅಳೆದರು. ‘ಇದು ನಿಮ್ಮದಲ್ರಿ. ನಿಮ್ಮ ಎತ್ತರಕ್ಕ ಗೇಣು ಕಮ್ಮಿ ಐತಿ. ಇದನ್ನ ಹಿಡಿದು ನಡದ್ರ ಬೆನ್ನು ಬಾಗತೈತಿ, ಕಾಲು ಎಡವತೈತಿ’ ಅಂದರು. ನೆಲದಿಂದ ಎದೆಗೂಡಿನವರೆಗೆ ಬರಬೇಕಂತೆ. ಶಿಬಿರದಲ್ಲಿ ಎಲ್ಲರಿಗೂ ಒಂದೇ ಅಳತೆಯದನ್ನು ಹಂಚಿದ್ದರು. ತಮ್ಮ ಚೀಲದಲ್ಲಿದ್ದ ಇನ್ನೊಂದು ಕೋಲನ್ನು ಅವರು ನನಗೆ ಕೊಟ್ಟರು.

ಹನ್ನೊಂದು ದಿನ ಅವರು ನಮ್ಮಲ್ಲೇ ಉಳಿದರು. ಬೆಳಗಿನ ತಂಪಿನಲ್ಲಿ ಎರಡು ತಾಸು, ಸಂಜೆ ಎರಡು ತಾಸು. ಬಲಗಾಲು ಮುಂದೆ ಹೋಗುವಾಗ ಕೋಲಿನ ತುದಿ ಎಡಕ್ಕೆ ತಾಗಬೇಕು, ಎಡಗಾಲು ಹೋಗುವಾಗ ಬಲಕ್ಕೆ. ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಒಂದು ಹೆಜ್ಜೆ ಮೊದಲೇ ಮುಟ್ಟಿ ಬಂದಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಸೈನಿಕರಿಗಾಗಿ ರಿಚರ್ಡ್ ಹೂವರ್ ಎಂಬವರು ರೂಢಿಸಿದ ನಡಿಗೆ ಇದು. ಕೇಳಲು ಸುಲಭ. ನನ್ನ ಮಣಿಕಟ್ಟಿಗೆ ಅದು ಹತ್ತಲು ನಾಲ್ಕು ದಿನ ಬೇಕಾಯಿತು.

ಐದನೆಯ ದಿನದಿಂದ ಕಿವಿಯ ಪಾಠ. ಗೋಡೆಯ ಪಕ್ಕ ನಡೆದಾಗ ಕೋಲಿನ ಸದ್ದು ಮುಖಕ್ಕೆ ಮರಳುತ್ತದೆ, ಓಣಿ ಬಾಯಿ ತೆರೆದ ಕಡೆ ಸದ್ದು ಹರಡಿ ಹೋಗುತ್ತದೆ. ಒಗ್ಗರಣಿ ಮಿರ್ಚಿ ಅಂಗಡಿಯ ಎಣ್ಣೆಯ ವಾಸನೆ ಬಂದರೆ ಬಸ್‌ಸ್ಟ್ಯಾಂಡಿನ ತಿರುವು. ಹಿಟ್ಟಿನ ಗಿರಣಿಯ ಸದ್ದು ಬಲಕ್ಕಿದ್ದರೆ ಮನೆಗೆ ಹೋಗುವ ದಾರಿ. ಎಂಟು ವರ್ಷದಿಂದ ಇದ್ದ ಊರು ಕೋಲಿನ ತುದಿಗೆ ಹೊಸದಾಗಿ ಸಿಕ್ಕಿತು. ಡಾಂಬರು ಮುಗಿದು ಫರಸಿ ಶುರುವಾಗುವ ಜಾಗ, ಗಟಾರಿನ ಮೇಲೆ ಹಾಸಿದ ಕಲ್ಲು, ಆ ಕಲ್ಲುಗಳಲ್ಲಿ ಅಲುಗುವ ಮೂರನೆಯದು.

ಅವ್ವನಿಗೆ ಮಾತ್ರ ಇದು ಸಮಾಧಾನವಿರಲಿಲ್ಲ. ಒಂದು ರಾತ್ರಿ ಊಟಕ್ಕೆ ಬಡಿಸುತ್ತ ಕಣ್ಣೀರು ಹಾಕಿದಳು. ‘ಕೋಲು ಹಿಡದ್ರ ನನ್ನ ಮಗ ಕುರುಡ ಅಂತ ಊರಿಗೆಲ್ಲ ಗೊತ್ತಾಗತೈತ್ರಿ.’ ಮಾಸ್ತರರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಹೇಳಿದರು: ‘ಗೊತ್ತಾಗಲಿ ಬಿಡ್ರಿ ಅವ್ವಾರ. ಗೊತ್ತಾದ್ರ ಗಾಡಿ ನಿಲ್ಲಿಸ್ತಾರ.’

ಕೋಲು ಬೆಳ್ಳಗಾದದ್ದೂ ಆ ಕಾರಣಕ್ಕೇ ಎಂದು ನಾನು ಆಮೇಲೆ ಓದಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಜೇಮ್ಸ್ ಬಿಗ್ಸ್ ಎಂಬವರು ಅಪಘಾತದಲ್ಲಿ ಕಣ್ಣು ಕಳೆದುಕೊಂಡಿದ್ದರು. ಮನೆಯ ಸುತ್ತ ಮೋಟಾರು ಗಾಡಿಗಳು ಹೆಚ್ಚಾದಾಗ, ಓಡಿಸುವವರಿಗೆ ಕಾಣಲೆಂದು 1921ರಲ್ಲಿ ತಮ್ಮ ಬೆತ್ತಕ್ಕೆ ಬಿಳಿ ಬಣ್ಣ ಹಚ್ಚಿದರು. ಹನ್ನೊಂದನೆಯ ದಿನ ನಾನು ಒಬ್ಬನೇ ಶಾಲೆಗೆ ಹೋದೆ. ಮಾಸ್ತರರು ಇಪ್ಪತ್ತು ಹೆಜ್ಜೆ ಹಿಂದೆ ಬರುತ್ತಿದ್ದರಂತೆ. ನನಗೆ ತಿಳಿಯಲಿಲ್ಲ. ಗೇಟಿನ ಹತ್ತಿರ ಹುಡುಗರು ಚಪ್ಪಾಳೆ ಹೊಡೆದರು. ಮರುದಿನ ಅವರು ಕಲಬುರಗಿಗೆ ಹೊರಟುಹೋದರು.

ಹೋಗುವ ಮೊದಲು ಬ್ರೈಲ್ ಸ್ಲೇಟು, ಸ್ಟೈಲಸ್ ಕೊಟ್ಟು ಅಕ್ಷರಗಳನ್ನು ಬೆರಳಿಗೆ ಹತ್ತಿಸಿದ್ದರು. 1824ರಲ್ಲಿ ಹದಿನೈದರ ಹುಡುಗ ಲೂಯಿ ಬ್ರೈಲ್ ಕಟ್ಟಿದ ಆರು ಚುಕ್ಕಿಯ ಲಿಪಿ ಅದು. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಗಟ್ಟಿಯಾಯಿತು. ಕನ್ನಡ ಮಾಸ್ತರನಾದ ನನಗೆ ಅದರಲ್ಲಿ ಒಂದು ಬೆರಗು ಕಂಡಿತು. ನಮ್ಮ ಬರಹದಲ್ಲಿ ಕೊಂಬು ಬಲಕ್ಕೆ ಇಳಿಯುತ್ತದೆ, ಗುಡಿಸು ತಲೆಯ ಮೇಲೆ ಕೂರುತ್ತದೆ, ಒತ್ತಕ್ಷರ ಕಾಲಡಿಗೆ ಹೋಗುತ್ತದೆ. ಬ್ರೈಲಿನಲ್ಲಿ ಎಲ್ಲವೂ ಉಚ್ಚಾರದ ಸರದಿಯಲ್ಲಿ ಒಂದೇ ಸಾಲಿಗೆ ಬಂದು ನಿಲ್ಲುತ್ತವೆ. ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚಬೇಕು, ಕಾಗದ ತಿರುವಿ ಹಾಕಿದರೆ ಎಡದಿಂದ ಬಲಕ್ಕೆ ಓದಿಕೊಳ್ಳುತ್ತದೆ. ಮೂವತ್ತು ದಾಟಿದ ಬೆರಳು ಮಗುವಿನ ಬೆರಳಿನಷ್ಟು ಚುರುಕಾಗಲಿಲ್ಲ. ಇಡೀ ಪುಸ್ತಕ ಓದುವ ವೇಗ ನನಗೆ ಬರಲೇ ಇಲ್ಲ. ಆದರೂ ಮಕ್ಕಳ ಹಾಜರಿ, ಅಂಕ, ಔಷಧದ ಡಬ್ಬಿಗೆ ಚೀಟಿ ಇವುಗಳಿಗೆ ಇವತ್ತಿಗೂ ಬ್ರೈಲೇ. ಅದಕ್ಕೆ ಕರೆಂಟು ಬೇಡ.

*

ಪುಸ್ತಕದ ಹಸಿವು ಹಾಗೇ ಇತ್ತು. ಬೆಂಗಳೂರಿನಲ್ಲಿ ಮಧು ಸಿಂಘಾಲ್ ಅವರು 1990ರಲ್ಲಿ ಕಟ್ಟಿದ ಮಿತ್ರಜ್ಯೋತಿ ಸಂಸ್ಥೆಯ ಧ್ವನಿ ಪುಸ್ತಕಗಳ ಬಗ್ಗೆ ಕೇಳಿದ್ದೆ. ಅಂಥವನ್ನು ತರಿಸಿಕೊಂಡು ಕೇಳಿದೆನಾದರೂ, ನನಗೆ ಬೇಕಾದ ಪುಸ್ತಕವನ್ನು ನನಗೆ ಬೇಕಾದ ರಾತ್ರಿ ಓದಬೇಕು ಎಂಬ ಆಸೆ ಅದರಿಂದ ತೀರಲಿಲ್ಲ. 2011ರಲ್ಲಿ ರಾಯಚೂರಿನಲ್ಲಿ ಒಬ್ಬ ಕಾಲೇಜು ಹುಡುಗ, ನನ್ನ ಹಾಗೇ ಮಬ್ಬುಗಣ್ಣಿನವನು, ತನ್ನ ಲ್ಯಾಪ್‌ಟಾಪ್ ತೆರೆದು ‘ಕೇಳ್ರಿ ಸರ’ ಅಂದ. ಕಂಪ್ಯೂಟರ್ ಕನ್ನಡ ಓದತೊಡಗಿತು.

ಅದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್. ಪರದೆಯ ಮೇಲಿನ ಬರಹವನ್ನು ಸದ್ದಾಗಿ ಹೇಳುವ ತಂತ್ರಾಂಶ. ಅಂಥವು ಮೊದಲೇ ಇದ್ದವು, ಆದರೆ ನಮ್ಮಂಥವರ ಕೈಗೆ ನಿಲುಕದ ಬೆಲೆ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಎಂಬ ಅಂಧ ತರುಣ 2006ರಲ್ಲಿ ಇದನ್ನು ಬರೆಯಲು ತೊಡಗಿ, ಅಂಧನೇ ಆದ ಗೆಳೆಯ ಜೇಮ್ಸ್ ಟೇ ಜೊತೆ ಸೇರಿ ಜಗತ್ತಿಗೆಲ್ಲ ಪುಕ್ಕಟೆ ಕೊಟ್ಟ. ಅದರೊಳಗಿನ ಇ-ಸ್ಪೀಕ್ ದನಿಗೆ ಕನ್ನಡವೂ ಬರುತ್ತಿತ್ತು. ಅದು ಯಾವ ಊರಿನವರೂ ಆಡದ ಕನ್ನಡ, ತಗಡಿನ ಡಬ್ಬಿಯೊಳಗಿಂದ ಬಂದಂಥ ದನಿ. ಎರಡು ವಾರ ಕೇಳಿದ ಮೇಲೆ ಕಿವಿ ಅದನ್ನು ಒಪ್ಪಿಕೊಂಡಿತು.

ಆ ಹುಡುಗ ನನಗೆ ವಾರಕ್ಕೊಮ್ಮೆಯಂತೆ ಎರಡು ತಿಂಗಳು ಕಲಿಸಿದ. ಮೌಸ್ ಮುಟ್ಟದೆ ಬರೀ ಕೀಲಿಗಳಲ್ಲಿ ಕೆಲಸ ಮಾಡುವುದನ್ನು ಬೆರಳು ಕಲಿಯಿತು. ನಿಜವಾದ ತೊಡಕು ಆಮೇಲೆ ಎದುರಾಯಿತು. ಇಲಾಖೆಯ ಸುತ್ತೋಲೆ ಬಂದಾಗ, ಪಾಠದ ಕಡತ ಬಂದಾಗ, ಯಂತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನೂ ಚಿಹ್ನೆಗಳನ್ನೂ ಒದರುತ್ತಿತ್ತು. ಕಣ್ಣಿಗೆ ಅದು ಅಂದವಾದ ಕನ್ನಡ. ಆದರೆ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬರೆದದ್ದು ಒಳಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸಿದ್ದು. ವೇಷ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕಾಣುವುದಿಲ್ಲ. ಸ್ಕ್ಯಾನ್ ಮಾಡಿದ ಪುಟಗಳಂತೂ ಬರೀ ಚಿತ್ರ. ಅಲ್ಲಿ ಯಂತ್ರ ಮೂಕವಾಗುತ್ತಿತ್ತು.

ಶಾಲೆಯಲ್ಲಿ ಈ ಕಷ್ಟ ಹೇಳಿಕೊಂಡೆ. 2012ರ ಮಳೆಗಾಲದಲ್ಲಿ ನನ್ನ ಹತ್ತನೆಯ ತರಗತಿಯ ಮಕ್ಕಳು ಪಾಠಗಳನ್ನು ಹಂಚಿಕೊಂಡು, ಶಾಲೆಯ ಎರಡು ಕಂಪ್ಯೂಟರುಗಳಲ್ಲಿ ಸರದಿ ಹಚ್ಚಿ ಯೂನಿಕೋಡಿನಲ್ಲಿ ಟೈಪು ಮಾಡಿದರು. ಕರೆಂಟು ಹೋದರೆ ಕಾದರು. ಇಬ್ಬರು ಹುಡುಗಿಯರು ಊಟದ ಬಿಡುವನ್ನೂ ಬಿಟ್ಟರು. ಒಂದೂವರೆ ತಿಂಗಳಲ್ಲಿ ಇಡೀ ಪಠ್ಯಪುಸ್ತಕ ನನ್ನ ಕಿವಿಗೆ ಸಿಕ್ಕಿತು. ಮೂರು ವರ್ಷದ ನಂತರ ಮತ್ತೆ ನಾನೇ ಓದಿಕೊಂಡು ಹೋಗಿ ಪಾಠ ಮಾಡಿದೆ. ಆ ಮಕ್ಕಳ ಋಣ ನನ್ನ ಮೇಲಿದೆ.

ಕಿವಿಯಿಂದ ಓದುವುದು ಓದೇ ಅಲ್ಲ ಎಂದು ಸಹೋದ್ಯೋಗಿಯೊಬ್ಬರು ಒಮ್ಮೆ ಅಂದರು. ನಾನಿರುವ ನೆಲದಲ್ಲಿ ಆ ಮಾತಿಗೆ ಬೆಲೆಯಿಲ್ಲ. ವಿಜಯದಾಸರ ಚೀಕಲಪರವಿ ಇದೇ ಮಾನ್ವಿ ಸೀಮೆಯದು. ಜಗನ್ನಾಥದಾಸರು ಮಾನ್ವಿಯವರೇ. ಅವರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯ ದೊಡ್ಡ ಗ್ರಂಥ. ಅದನ್ನು ಪುಸ್ತಕ ಮುಟ್ಟದೆ ಸಂಧಿ ಸಂಧಿಯಾಗಿ ಹೇಳುವ ಹೆಣ್ಣುಮಕ್ಕಳನ್ನು ನಾನು ಇಲ್ಲಿ ಕಂಡಿದ್ದೇನೆ. ಕಿವಿಯಿಂದ ಕಿವಿಗೆ ಬಂದದ್ದನ್ನು ಈ ಸೀಮೆ ಎಂದೂ ಕಡಿಮೆ ಅಂದಿಲ್ಲ.

ಆಮೇಲಿನ ವರ್ಷಗಳಲ್ಲಿ ದಾರಿ ಅಗಲವಾಯಿತು. ಅಂಧರಿಗಾಗಿ ಪುಸ್ತಕಗಳನ್ನು ಬೇರೆ ರೂಪಕ್ಕೆ ತರಲು ಅನುವು ಮಾಡಿಕೊಡುವ ಮರಾಕೇಶ್ ಒಪ್ಪಂದ 2013ರಲ್ಲಿ ಆಯಿತು. ಅದಕ್ಕೆ ಎಲ್ಲರಿಗಿಂತ ಮೊದಲು ಅನುಮೋದನೆ ಕೊಟ್ಟ ದೇಶ ಭಾರತ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ತೆರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಮುದ್ರಿತ ಕನ್ನಡ ಪುಟವನ್ನು ಗುರುತಿಸಿ ಬರಹವಾಗಿಸುವ ‘ಲಿಪಿ ಜ್ಞಾನಿ’ಯನ್ನು ರೂಪಿಸಿತು. ಈಗ ಫೋನೇ ಪುಟದ ಚಿತ್ರ ತೆಗೆದು ಒಂದು ಮಟ್ಟಿಗೆ ಕನ್ನಡ ಓದುತ್ತದೆ. ಮೂಕವಾಗಿದ್ದ ಚಿತ್ರಗಳಿಗೆ ಬಾಯಿ ಬಂದಿದೆ.

*

ಫೋನು ನನ್ನನ್ನು ಮತ್ತೆ ದೇವದುರ್ಗದ ಸಂತೆಗೆ ಕರೆದೊಯ್ದಿತು. ಮೊದಲು ನೋಟುಗಳನ್ನು ಅಳತೆಯಲ್ಲೇ ಗುರುತಿಸುತ್ತಿದ್ದೆ. ನೂರಕ್ಕೂ ಐನೂರಕ್ಕೂ ಒಂದು ಸೆಂಟಿಮೀಟರು ಅಂತರವಿತ್ತು. 2016ರ ನವೆಂಬರಿನ ನಂತರ ಬಂದ ಹೊಸ ಸರಣಿಯಲ್ಲಿ ನೂರರ ನೋಟು 142 ಮಿಲಿಮೀಟರು, ಇನ್ನೂರರದು 146, ಐನೂರರದು 150. ನಾಲ್ಕು ನಾಲ್ಕು ಮಿಲಿಮೀಟರಿನ ಫರಕು. ಅಂಚಿನಲ್ಲಿ ಉಬ್ಬು ಗೆರೆಗಳಿವೆ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಹೊಸ ನೋಟಿನಲ್ಲಿ ಅವು ಬೆರಳಿಗೆ ಸಿಗುತ್ತವೆ. ಹತ್ತು ಕೈ ತಿರುಗಿ, ಬೆವರಿಗೆ ನೆನೆದು, ಸೊಂಟದ ಚೀಲದಲ್ಲಿ ಮುದುಡಿದ ನೋಟಿನಲ್ಲಿ ಸಿಗುವುದಿಲ್ಲ. ಸಂತೆಯ ನೋಟುಗಳು ಅಂಥವೇ.

ಒಮ್ಮೆ ಬದನೆಕಾಯಿ ಕೊಂಡು ನೂರೆಂದು ಕೊಟ್ಟು ಹೊರಟೆ. ಮಾರುವ ಮುದುಕಿ ಜನರ ನಡುವೆ ಏಳುತ್ತ ಬೀಳುತ್ತ ಹಿಂದೆ ಬಂದು ಸೆರಗು ಜಗ್ಗಿದ ಹಾಗೆ ಅಂಗಿ ಜಗ್ಗಿದಳು. ‘ಎಪ್ಪಾ, ಐನೂರು ಕೊಟ್ಟು ಹೊಂಟೀದಿ. ತೊಗೊ ನಿನ್ನ ರೊಕ್ಕ.’ ಅವಳ ಋಜುತ್ವಕ್ಕೆ ಕೈ ಮುಗಿದೆ. ಆದರೆ ದಾರಿಯುದ್ದಕ್ಕೂ ಕೊರಗಿದೆ. ನನ್ನ ಲೆಕ್ಕ ಬೇರೆಯವರ ಒಳ್ಳೆಯತನದ ಮೇಲೆ ನಿಂತಿತ್ತು.

2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ‘ಮಣಿ’ ಎಂಬ ಆ್ಯಪ್ ಬಿಟ್ಟಿತು. ಕ್ಯಾಮೆರಾದ ಮುಂದೆ ನೋಟು ಹಿಡಿದರೆ ಎಷ್ಟರದು ಎಂದು ಹೇಳುತ್ತದೆ. ಇಂಟರ್ನೆಟ್ ಬೇಕಿಲ್ಲ. ಮೊದಲು ಹಿಂದಿ, ಇಂಗ್ಲಿಷ್ ಮಾತ್ರ ಇತ್ತು, ಆಮೇಲೆ ಕನ್ನಡವೂ ಸೇರಿತು. ಸಂತೆಯ ಗದ್ದಲದಲ್ಲಿ ಅದನ್ನು ಬಳಸಿ ನೋಡಿದೆ. ಒಂದು ಕೈಯಲ್ಲಿ ಕೋಲು, ಒಂದರಲ್ಲಿ ಫೋನು, ನೋಟಿಗೆ ಮೂರನೆಯ ಕೈ ಬೇಕು. ಹಾಗಾಗಿ ಈಗ ಮನೆಯಲ್ಲೇ ಕೂತು ನೋಡಿಕೊಳ್ಳುತ್ತೇನೆ. ಐನೂರನ್ನು ಉದ್ದಕ್ಕೆ ಮಡಚುತ್ತೇನೆ, ಇನ್ನೂರನ್ನು ಅಡ್ಡಕ್ಕೆ, ನೂರನ್ನು ಮಡಚುವುದಿಲ್ಲ. ಸಂತೆಯಲ್ಲಿ ಬೆರಳಿಗೆ ತಪ್ಪಾಗುವುದಿಲ್ಲ. ಯಂತ್ರದ ಬುದ್ಧಿಗೆ ನನ್ನ ಮಡಿಕೆ ಸೇರಿದ ಮೇಲೆ ಅದು ನನ್ನ ಸಾಧನವಾಯಿತು.

ದೆಹಲಿಯ ಐಐಟಿಯವರು ರೂಪಿಸಿ 2014ರಲ್ಲಿ ಹೊರತಂದ ಸ್ಮಾರ್ಟ್‌ಕೇನ್ ಕೂಡ ಬಳಸಿದ್ದೇನೆ. ಬಿಳಿ ಕೋಲಿನ ಹಿಡಿಕೆಗೆ ಸಿಕ್ಕಿಸುವ ಸಣ್ಣ ಪೆಟ್ಟಿಗೆ. ಬಾವಲಿ ಕತ್ತಲೆಯಲ್ಲಿ ದಾರಿ ಹುಡುಕುವ ಹಾಗೆ ಕಿವಿಗೆ ಕೇಳದ ಸದ್ದು ಕಳಿಸಿ, ಮೂರು ಮೀಟರಿನೊಳಗೆ ಏನಾದರೂ ಅಡ್ಡ ಇದ್ದರೆ ಹಿಡಿಕೆಯನ್ನು ನಡುಗಿಸುತ್ತದೆ. ಕೋಲಿನ ತುದಿ ನೆಲ ನೋಡುತ್ತದೆ, ಇದು ಮೊಣಕಾಲಿನಿಂದ ಮೇಲಿನದನ್ನು ನೋಡುತ್ತದೆ. ಜಾಲಿಯ ಟೊಂಗೆ, ನಿಂತ ಟ್ರ್ಯಾಕ್ಟರಿನ ಹಿಂಬದಿ, ಅಂಗಡಿಯ ಮುಂದೆ ಕಟ್ಟಿದ ತಾಡಪತ್ರಿಯ ಹಗ್ಗ. ಇವುಗಳಿಂದ ನನ್ನ ಹಣೆ ಎಷ್ಟು ಸಲ ಒಡೆದಿತ್ತೋ, ಆಮೇಲೆ ಅಷ್ಟು ಸಲ ಉಳಿಯಿತು.

ರಾಯಚೂರಿನ ತೀನ್ ಕಂದೀಲ್ ಬಳಿ ಅದನ್ನು ಹಿಡಿದು ಹೋದಾಗ ಬೇರೆ ಪಾಠವಾಯಿತು. ಅಲ್ಲಿ ಮೂರು ಮೀಟರಿನೊಳಗೆ ಯಾವಾಗಲೂ ಯಾರಾದರೂ ಇದ್ದೇ ಇರುತ್ತಾರೆ. ಹಿಡಿಕೆ ನಡುಗುವುದನ್ನು ನಿಲ್ಲಿಸಲೇ ಇಲ್ಲ. ಕಡಿಮೆ ದೂರದ ಅಳತೆಗೆ ಬದಲಿಸಿಕೊಳ್ಳಬಹುದೆಂದು ನನಗೆ ತಿಳಿದದ್ದು ಒಂದು ತಿಂಗಳ ನಂತರ, ಬಳಸಿ ಬಲ್ಲ ಇನ್ನೊಬ್ಬರಿಂದ. ಮಾನ್ವಿಯ ಕಾಲುವೆ ದಂಡೆಯಲ್ಲಿ ಮತ್ತೊಂದು ತಿಳಿಯಿತು. ಎದುರಿಗಿರುವುದನ್ನು ಅದು ಹೇಳುತ್ತದೆ, ನೆಲ ಮುಗಿದದ್ದನ್ನು ಹೇಳುವುದಿಲ್ಲ. ತಗ್ಗು, ಗಟಾರು, ಕಾಲುವೆಯ ಅಂಚು, ಇವಕ್ಕೆ ಇಂದಿಗೂ ಕೋಲಿನ ತುದಿಯೇ ಗತಿ. ನಮ್ಮೂರಿನ ಎರೆ ಮಣ್ಣು ಮಳೆಯಲ್ಲಿ ಆ ತುದಿಗೂ ಮೆತ್ತಿಕೊಂಡು ಮುದ್ದೆಯಾಗುತ್ತದೆ. ಆಗ ಕೋಲು ಕಿವುಡಾಗುತ್ತದೆ. ಪ್ರತಿ ಇಪ್ಪತ್ತು ಹೆಜ್ಜೆಗೆ ಕಲ್ಲಿಗೆ ಉಜ್ಜಿಕೊಳ್ಳಬೇಕು. ಇದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ದೇವದುರ್ಗದಲ್ಲಿ ನಡೆದವರೇ ಹೇಳಬೇಕು.

*

2024ರಲ್ಲಿ ಮತ್ತೆ ರಾಯಚೂರಿನ ಒಂದು ಶಿಬಿರಕ್ಕೆ ಕರೆ ಬಂತು. ಈ ಸಲ ಕೃತಕ ಬುದ್ಧಿಮತ್ತೆಯ ಕನ್ನಡಕ. ಚೌಕಟ್ಟಿನಲ್ಲಿ ಪುಟ್ಟ ಕ್ಯಾಮೆರಾ, ಕಿವಿಗೆ ದನಿ. ಹಾಕಿಕೊಂಡು ಗೋಡೆಯತ್ತ ತಿರುಗಿದೆ. ಇಂಗ್ಲಿಷ್ ಬ್ಯಾನರನ್ನು ಸರಾಗವಾಗಿ ಓದಿತು, ಕನ್ನಡದ್ದನ್ನು ತಡವರಿಸುತ್ತ ಓದಿತು. ಎದುರಿಗೆ ಇಬ್ಬರು ನಿಂತಿದ್ದಾರೆ, ಒಂದು ಕುರ್ಚಿ ಇದೆ ಎಂದಿತು. ಹದಿನೆಂಟು ವರ್ಷದ ಹಿಂದೆ ಇದೇ ಊರಲ್ಲಿ ಕೋಲಿನ ಚೀಲ ಹಿಡಿದು ನಿಂತವನಿಗೆ ಇದು ಸಣ್ಣ ಮಾತಲ್ಲ. ನನ್ನ ಕಣ್ಣು ತುಂಬಿತು.

ಪಕ್ಕದ ಕುರ್ಚಿಯಲ್ಲಿ ದೇವದುರ್ಗ ಕಡೆಯ ಒಬ್ಬ ಹುಡುಗಿ ಕೂತಿದ್ದಳು. ಪಿಯುಸಿ ಮುಗಿಸಿದವಳು, ನನ್ನದೇ ರೋಗ, ನನ್ನ ಹಾಗೇ ಸೋದರ ಸಂಬಂಧದ ಮನೆಯವಳು. ತೊಡೆಯ ಮೇಲೆ ಕನ್ನಡಕದ ಡಬ್ಬಿ ಇತ್ತು, ಅದರ ಮೇಲೆ ಮಡಚಿದ ಕೋಲು. ‘ಇದನ್ನ ಹೆಂಗ ಬಳಸಬೇಕಂತ ಹೇಳಿಕೊಟ್ರೇನವ್ವಾ?’ ಕೇಳಿದೆ. ‘ಹತ್ತು ನಿಮಿಷ ಹೇಳಿದ್ರಿ ಸರ. ತಿಳೀಲಿಲ್ರಿ. ಮತ್ತ ಯಾರನ್ನ ಕೇಳಬೇಕು ಗೊತ್ತಿಲ್ರಿ.’ ಕೋಲನ್ನು ಕೇಳಿ ಇಸಿದುಕೊಂಡೆ. ಎದ್ದು ನಿಲ್ಲಲು ಹೇಳಿ ಅಳೆದೆ. ಅವಳ ಎತ್ತರಕ್ಕೆ ಗೇಣು ಕಮ್ಮಿ ಇತ್ತು.

ಅವಳ ಅಪ್ಪ ಅಲ್ಲೇ ಇದ್ದರು. ಅವರೊಡನೆ ಮಾತಾಡಿ, ರಜೆಯಲ್ಲಿ ಮಗಳನ್ನು ಮಾನ್ವಿಗೆ ಕರೆತರಲು ಒಪ್ಪಿಸಿದೆ. ಅವಳೂ ಅವಳ ಅವ್ವನೂ ಬಂದು ನಮ್ಮಲ್ಲಿ ಉಳಿದರು. ಮುಪ್ಪಾದ ನಮ್ಮವ್ವ ಅವಳ ಅವ್ವನಿಗೆ ರೊಟ್ಟಿ ಬಡಿಸುತ್ತ ‘ಗೊತ್ತಾಗಲಿ ಬಿಡವ್ವಾ’ ಅನ್ನುವುದನ್ನು ನಾನು ಕೇಳಿದೆ.

ಕೇಂದ್ರ ಸರ್ಕಾರ ಎಡಿಐಪಿ ಯೋಜನೆಯಡಿ 1981ರಿಂದ ಸಾಧನ ಸಲಕರಣೆ ಕೊಡುತ್ತಿದೆ. ನಮ್ಮ ರಾಜ್ಯ ಟಾಕಿಂಗ್ ಲ್ಯಾಪ್‌ಟಾಪ್ ಕೊಡುತ್ತದೆ. ವಿಕಲಚೇತನರ 2016ರ ಕಾಯ್ದೆ ನಮಗೆ ಹಕ್ಕುಗಳನ್ನು ಬರೆದುಕೊಟ್ಟಿದೆ. ಮೈಸೂರಿನ ನಗರ ಬಸ್ಸುಗಳಲ್ಲಿ ಅಂಧ ಪ್ರಯಾಣಿಕರು ಗುಂಡಿ ಒತ್ತಿದರೆ ಬಸ್ಸೇ ತನ್ನ ಮಾರ್ಗ ಹೇಳುವ ‘ಧ್ವನಿ ಸ್ಪಂದನ’ ಬಂದಿದೆ, ಅದು ರಾಯಚೂರಿಗೂ ಬರಲಿ. ಗ್ರಾಮ ಪಂಚಾಯಿತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಹಳ್ಳಿ ಹಳ್ಳಿಯ ವಿಕಲಚೇತನರ ಮನೆ ಅವರಿಗೆ ಗೊತ್ತು. ವಸ್ತುವಿದೆ, ಜನವಿದೆ. ಇಲ್ಲದ್ದು ನಡುವಿನ ಆ ಹನ್ನೊಂದು ದಿನ.

ಅದಕ್ಕೇ ನನ್ನ ಬೇಡಿಕೆ ಇಷ್ಟು. ಕೋಲು ಕೊಡುವ ಮೊದಲು ಎತ್ತರ ಅಳೆಯಿರಿ. ಕನ್ನಡಕ ಕೊಡುವ ಮೊದಲು ಉಳಿದ ನೋಟ ಎಷ್ಟೆಂದು ಕೂತು ನೋಡಿರಿ. ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಈ ಸಾಧನಗಳನ್ನು ಮುಟ್ಟಿ, ಬಳಸಿ, ಬೇಕಾದದ್ದನ್ನು ಆರಿಸಿಕೊಳ್ಳುವ ಒಂದು ಕೋಣೆ ಇರಲಿ. ಅಲ್ಲಿ ಕಲಿಸುವವರೊಬ್ಬರು ಇರಲಿ, ಸಾಧ್ಯವಾದರೆ ಅವರೂ ಕಣ್ಣಿಲ್ಲದವರೇ ಆಗಿರಲಿ. ಕಚೇರಿಗಳು, ಪ್ರಕಾಶಕರು ಕನ್ನಡವನ್ನು ಯೂನಿಕೋಡಿನಲ್ಲೇ ಬರೆಯಲಿ. ಶಿಬಿರಕ್ಕೆ ಹಣ ಕೊಡುವ ದಾನಿಗಳು ಒಂದು ವಸ್ತು ಕಡಿಮೆ ಕೊಟ್ಟು, ಆ ಹಣದಲ್ಲಿ ಒಬ್ಬ ಮಾಸ್ತರನನ್ನು ಕಳಿಸಲಿ.

ಆ ಹುಡುಗಿ ಈಗ ರಾಯಚೂರಿನ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಶನಿವಾರ ಸಂಜೆ ಒಬ್ಬಳೇ ಬಸ್ಸು ಹತ್ತಿ ದೇವದುರ್ಗಕ್ಕೆ ಹೋಗುತ್ತಾಳೆ, ಸೋಮವಾರ ಬೆಳಿಗ್ಗೆ ಒಬ್ಬಳೇ ಮರಳುತ್ತಾಳೆ. ಕಲಿಯಲು ಅವಳಿಗೆ ಹಿಡಿದದ್ದು ಹದಿನಾಲ್ಕು ದಿನ.